ಹೊಲಿಗೆ ಅಕ್ಕ ನೋಡಿದ ಸಿನಿಮಾಗಳು

ಕಳೆದ ತಿಂಗಳು ಬ್ರಹ್ಮಾವರದ ಬಟ್ಟೆ ಅಂಗಡಿಯೊಂದರಲ್ಲಿ ಮಗಳ ನಾಟಕಕ್ಕೆಂದು ಕಪ್ಪು ಬಟ್ಟೆ ಕೇಳಿದೆ. ಅಂಗಡಿಯವರು ಥಾನನ್ನು ಮೇಜಿನ ಮೇಲೆ ಧಪ್ಪೆಂದು ಹಾಕಿ ಎರಡು ಸುತ್ತು ಬಿಡಿಸಿದರು. ಹೊಸ ಬಟ್ಟೆಯ ಗಂಜಿ, ಅದರೊಳಗೆ ಸ್ವಲ್ಪ ಕಹಿಯಾದ ಬಣ್ಣದ ವಾಸನೆ... ಎಷ್ಟು ಮೀಟರ್ ಬೇಕೆಂದು ಅವರು ಎರಡು ಸಲ ಕೇಳಿದರಂತೆ. ನನಗೆ ಕೇಳಿಸಲೇ ಇಲ್ಲ. ನಾನು ಆಗ ಕೋಟೇಶ್ವರದ ನಮ್ಮ ಹಳೆಯ ಶಾಲೆಯ ಸಭಾಂಗಣದಲ್ಲಿದ್ದೆ. ಹೊರಗೆ ಕಣ್ಣು ಕುಕ್ಕುವ ಮಧ್ಯಾಹ್ನ, ಒಳಗೆ ಕತ್ತಲೆ, ನನ್ನ ಕಿವಿಯ ಹತ್ತಿರ ಹೊಲಿಗೆ ಅಕ್ಕನ ಉಸಿರು.

ಕೊಂಕಣ ರೈಲು ಓಡಲು ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ನಾನು ಆ ಶಾಲೆಗೆ ಇಂಗ್ಲಿಷ್ ಟೀಚರ್ ಆಗಿ ಬಂದಿದ್ದೆ. ಊರಿನ ಕೆಲವರು, ಇಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯರು, ನಾವು ಮೂವರು ಟೀಚರುಗಳು ಸೇರಿ ಕ್ರಿಸ್‌ಮಸ್ ರಜೆಯಲ್ಲಿ ಮೂರು ದಿನದ ಚಿತ್ರೋತ್ಸವ ಮಾಡುವುದೆಂದು ಹೊರಟೆವು. ಥಿಯೇಟರಿಗೆ ಬಾರದ ಸಿನಿಮಾಗಳು, ಯಾವ ಯಾವುದೋ ದೇಶದವು. ರೀಲುಗಳು ತಗಡಿನ ಡಬ್ಬಿಗಳಲ್ಲಿ ಬಸ್ಸಿನಲ್ಲಿ ಬರುತ್ತವೆ ಎಂದಾಯಿತು. ಪ್ರೊಜೆಕ್ಟರ್ ಮಂಗಳೂರಿನಿಂದ. ಎಲ್ಲ ಸರಿಹೋದ ಮೇಲೆ ಯಾರಿಗೋ ಹೊಳೆಯಿತು: ಸಭಾಂಗಣಕ್ಕೆ ಹದಿನಾಲ್ಕು ಕಿಟಕಿಗಳಿವೆ, ಒಂದಕ್ಕೂ ಪರದೆ ಇಲ್ಲ.

ನನ್ನ ಬಾಡಿಗೆ ಮನೆಯ ಪಕ್ಕದಲ್ಲೇ ಹೊಲಿಗೆ ಅಕ್ಕನ ಮನೆ. ಮುಂದಿನ ಕೋಣೆಯಲ್ಲಿ ಮಿಷನ್, ಒಳಗೆ ಅವರು ಮತ್ತು ಅವರ ಅತ್ತೆ. ಕಪ್ಪು ಬಟ್ಟೆ ಹೊತ್ತುಕೊಂಡು ನಾನು ಹೋಗಿ ವಿಷಯ ಹೇಳಿದಾಗ ಅವರು ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯುತ್ತಾ ನಕ್ಕರು.

“ಹಗ್ಲಿಗೇ ಕತ್ಲಿ ಮಾಡುಕಾ ಟೀಚ್ರೆ?”

ಎರಡು ದಿನದಲ್ಲಿ ಹದಿನಾಲ್ಕು ಪರದೆ ಮುಗಿಸಿ, ತಾವೇ ಬಂದು ಕಟ್ಟಿಯೂ ಕೊಟ್ಟರು. ಆದರೆ ಉತ್ಸವದ ಮೊದಲ ದಿನ ಮಧ್ಯಾಹ್ನ ಕಡಲ ಗಾಳಿ ಎದ್ದದ್ದೇ, ಪಶ್ಚಿಮದ ಕಿಟಕಿಗಳ ಪರದೆಗಳು ಹಾರತೊಡಗಿದವು. ಬಿಸಿಲಿನ ಪಟ್ಟಿ ಸಿನಿಮಾದ ಬಿಳಿ ತೆರೆಯ ಮೇಲಿನ ಮುಖಗಳನ್ನು ಒರೆಸಿಹಾಕುತ್ತಿತ್ತು. ಅಕ್ಕ ಮನೆಗೆ ಹೊರಟವರು ತಿರುಗಿ ಬಂದು, ಮೂರನೆಯ ಕಿಟಕಿಯ ಹತ್ತಿರ ಒಂದು ಸ್ಟೂಲು ಹಾಕಿಕೊಂಡು ಪರದೆಯ ಅಂಚನ್ನು ಹಿಡಿದು ಕುಳಿತರು. ತಾನು ಹೊಲಿದದ್ದು ಸರಿ ಬರಲಿಲ್ಲ ಎಂಬ ಸಂಕೋಚ ಅವರಿಗೆ. ಮರುದಿನ ಬರುವಾಗ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮರಳು ತಂದು, ಪರದೆಗಳ ಅಂಚಿನ ಮಡಿಕೆಯೊಳಗೆ ತುಂಬಿ ಹೊಲಿದುಬಿಟ್ಟರು. ಮೂರನೆಯದಕ್ಕೆ ಮಾತ್ರ ಮರಳು ಸಾಲಲಿಲ್ಲ. ಹಾಗಾಗಿ ಅಲ್ಲಿಯೇ ಕುಳಿತರು... ಮರಳು ನಿಜವಾಗಿ ಸಾಲಲಿಲ್ಲವೋ, ಅವರಿಗೆ ಕೂರಬೇಕಿತ್ತೋ, ನನಗೆ ಗೊತ್ತಿಲ್ಲ.

ಸಿನಿಮಾದ ಮಾತು ನಮಗ್ಯಾರಿಗೂ ತಿಳಿಯದ ಭಾಷೆಗಳಲ್ಲಿರುತ್ತಿತ್ತು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಅಕ್ಕನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಒಂದೊಂದೇ ಸಾಲನ್ನು ನಮ್ಮ ಮಾತಿನಲ್ಲಿ ಪಿಸುಗುಟ್ಟತೊಡಗಿದೆ. ಪ್ರೊಜೆಕ್ಟರಿನ ಕರಕರ ಶಬ್ದದಲ್ಲಿ ಅದು ಬೇರೆ ಯಾರಿಗೂ ಕೇಳುತ್ತಿರಲಿಲ್ಲ. ಹಿಮ ಬೀಳುವ ಊರಿನಲ್ಲಿ ಒಬ್ಬಳು ಪುಟ್ಟ ಹುಡುಗಿ ಕುರುಡು ಕುದುರೆಯನ್ನು ನಡೆಸಿಕೊಂಡು ಹೋದಳು. ಮರುಭೂಮಿಯ ಬಸ್ಸೊಂದು ಕೆಟ್ಟು ನಿಂತು, ಅದರೊಳಗಿನವರೆಲ್ಲ ಒಂದು ದಿನದ ಮಟ್ಟಿಗೆ ಒಂದೇ ಮನೆಯವರಾದರು. ರೀಲು ಬದಲಿಸುವಾಗ ಯಾರೋ ಒಂದು ಬಾಗಿಲು ತೆರೆಯುತ್ತಿದ್ದರು. ಆಗ ಹೊರಗಿನ ಬೆಳಕು, ಆಟದ ಮೈದಾನ, ಹೆದ್ದಾರಿಯಲ್ಲಿ ಓಡುವ ಬಸ್ಸು ಎಲ್ಲವೂ ಸುಳ್ಳಿನಂತೆ ಕಾಣುತ್ತಿದ್ದವು. ಅಕ್ಕ ಕಣ್ಣು ಮಿಟುಕಿಸುತ್ತಾ ತಮ್ಮ ಕೈಗಳನ್ನೇ ಹೊಸದಾಗಿ ನೋಡುವವರಂತೆ ನೋಡಿಕೊಳ್ಳುತ್ತಿದ್ದರು.

ಅಕ್ಕನ ವಿಷಯ ಊರಿಗೆಲ್ಲ ಗೊತ್ತಿತ್ತು. ಮದುವೆಯಾಗಿ ಮೂರನೆಯ ವರ್ಷ ಗಂಡ ಮುಂಬೈಗೆ ಹೋದರು, ಹೋಟೆಲ್ ಕೆಲಸಕ್ಕೆ. ಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು. ಆಮೇಲೆ ವರ್ಷಕ್ಕೊಂದು. ಆಮೇಲೆ ಇಲ್ಲ. ಹನ್ನೊಂದು ವರ್ಷ. ಮುಂಬೈಯಿಂದ ಬಂದವರು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಠಾಣೆಯಲ್ಲಿ ಕಂಡೆ ಎಂದು ಒಬ್ಬರು, ಗೋವಾದಲ್ಲಿದ್ದಾನಂತೆ ಎಂದು ಇನ್ನೊಬ್ಬರು. ಅತ್ತೆ ಮಾತ್ರ ಮಗ ಬಂದೇ ಬರುತ್ತಾನೆ ಎನ್ನುತ್ತಿದ್ದರು. ಅಕ್ಕನ ಹೊಲಿಗೆ ಅಂಗಡಿಯ ಬೋರ್ಡಿನ ಮೇಲೂ ಗಂಡನ ಹೆಸರೇ ಇತ್ತು. ಮದುವೆ ಮುಂಜಿಗಳಿಗೆ ಅಕ್ಕ ಹೋಗುತ್ತಿರಲಿಲ್ಲ. ಹೋದಲ್ಲೆಲ್ಲ “ಸುದ್ದಿ ಉಂಟಾ” ಎಂದು ಕೇಳುತ್ತಾರಲ್ಲ ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಮೂರನೆಯ ದಿನದ ಕೊನೆಯ ಸಿನಿಮಾ ಶುರುವಾದಾಗ, ಅದರ ಕಥೆ ಎಂಥದೆಂದು ನನಗೆ ಗೊತ್ತಿರಲಿಲ್ಲ. ಬೂದು ಬಣ್ಣದ ಕಡಲು, ಗಾಳಿ, ಕಲ್ಲಿನ ಮನೆ. ಒಬ್ಬ ಹೆಂಗಸು. ಗಂಡ ಹಡಗಿನಲ್ಲಿ ಹೋದವನು ಬಂದಿಲ್ಲ. ಆಕೆ ದಿನಾ ಅವನ ಕೋಟನ್ನು ಹಗ್ಗದ ಮೇಲೆ ಹಾಕಿ ಗಾಳಿಗೆ ಒಡ್ಡುತ್ತಾಳೆ, ಸಂಜೆ ಒಳಗೆ ತರುತ್ತಾಳೆ. ಮಾತು ಬಹಳ ಕಡಿಮೆ. ನಾನು ಪಿಸುಗುಟ್ಟುವುದಕ್ಕೂ ಹೆಚ್ಚೇನೂ ಇರಲಿಲ್ಲ. ಅಕ್ಕ ಪರದೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿದ್ದರು. ಎದ್ದು ಹೋಗೋಣವೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಕೊನೆಯಲ್ಲಿ ಒಬ್ಬ ಮುದುಕ ನಾವಿಕ ಬರುತ್ತಾನೆ. ಆಕೆ ಅಂಗಳದಲ್ಲಿ ಒಗೆದ ಹಚ್ಚಡಗಳನ್ನು ಮಡಚುತ್ತಿದ್ದಾಳೆ. ಅವನು ಟೊಪ್ಪಿ ತೆಗೆದು ಹೇಳುತ್ತಾನೆ. ಕೆಳಗಿನ ಅಕ್ಷರ ನನ್ನ ಕಣ್ಣೆದುರು ಸ್ಪಷ್ಟವಾಗಿತ್ತು: ನಿನ್ನ ಗಂಡ ಬದುಕಿದ್ದಾನೆ. ದಕ್ಷಿಣದ ಬಂದರಿನಲ್ಲಿ ಅವನಿಗೆ ಮನೆ ಇದೆ, ಇಬ್ಬರು ಮಕ್ಕಳಿದ್ದಾರೆ. ನೀನು ಕಾಯಬೇಡ ಎಂದು ಹೇಳಿ ಕಳಿಸಿದ್ದಾನೆ.

ಅಕ್ಕ ನನ್ನ ಮಣಿಕಟ್ಟು ಹಿಡಿದರು. “ಎಂತ ಹೇಳ್ದ ಅವ?”

ಕೆಳಗಿನ ಅಕ್ಷರ ಅಳಿಸಿಹೋಗುವವರೆಗೆ ನೋಡಿದೆ. ಆಮೇಲೆ ಹೇಳಿದೆ, “ಗಂಡ ಸಮುದ್ರದಗೆ ತೀರ್ಕಂಡಂಬ್ರ್ ಅಕ್ಕ.”

ಯಾಕೆ ಹಾಗೆ ಹೇಳಿದೆನೋ... ಸಾವಾದರೆ ತಡೆದುಕೊಳ್ಳಬಹುದು ಎಂದು ನನಗನ್ನಿಸಿರಬೇಕು. ಅಕ್ಕನ ಕೈಯಿಂದ ಪರದೆ ಜಾರಿತು. ಗಾಳಿ ಅದನ್ನು ಎತ್ತಿ ಎಸೆಯಿತು. ಬಿಸಿಲು ನುಗ್ಗಿ ಆ ಹೆಂಗಸಿನ ಮುಖ ಬಿಳಿಯಾಗಿ ಕರಗಿಹೋಯಿತು. ಹಿಂದಿನಿಂದ ಯಾರೋ “ಪರದೆ, ಪರದೆ” ಎಂದರು. ಅಕ್ಕನಿಗೆ ಕೇಳಲಿಲ್ಲ. ನಾನೇ ಎದ್ದು ಎಳೆದು ಹಿಡಿದೆ. ಚಿತ್ರ ಮತ್ತೆ ಮೂಡಿತು, ಅಕ್ಕ ಅದನ್ನೇ ನೋಡುತ್ತಿದ್ದರು.

ಆಮೇಲೆ ನಾಲ್ಕು ದಿನ ಪಕ್ಕದ ಮನೆಯಿಂದ ಮಿಷನ್ನಿನ ಸದ್ದು ಬರಲಿಲ್ಲ. ಅಕ್ಕನಿಗೆ ತಲೆನೋವು ಎಂದು ಅತ್ತೆ ಹೇಳಿದರು. ಐದನೆಯ ದಿನ ಬೆಳಿಗ್ಗೆ ಅಕ್ಕ ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತರು.

“ಟೀಚ್ರೆ, ಆ ಹೆಂಗ್ಸಿನ ಗಂಡ ಸತ್ತದ್ದಲ್ಲ ಅಲ್ದಾ?”

ನಾನೂ ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತೆ.

“ಸತ್ತ ಸುದ್ದಿ ಕೇಂಡ್ರೆ ಕೈ ನಿಂತ್ ಹೋತ್ತ್. ನಮ್ಮ ಅಪ್ಪಯ್ಯ ತೀರ್ಕಂಡಾಗ ಅಮ್ಮನ ಕೈಯಗಿದ್ದ ಸೌಟ್ ಹಾಂಗೇ ನಿಂತಿತ್. ಆ ಹೆಂಗ್ಸ್ ಬಟ್ಟಿ ಮಡ್ಚೂದ್ ಬಿಡ್ಲಿಲ್ಲೆ. ಮತ್ತೂ ನೀಟಾಯಿ ಮಡ್ಚಿದ್ಳ್. ಅವ ಎಂತ ಹೇಳ್ದ್ನೋ ಹಾಂಗೇ ಹೇಳಿ. ಸೇರ್ಸೂದೂ ಬೇಡ, ತೆಗಿಯೂದೂ ಬೇಡ.”

ಹೇಳಿದೆ. ದಕ್ಷಿಣದ ಬಂದರು, ಮನೆ, ಇಬ್ಬರು ಮಕ್ಕಳು, ಕಾಯಬೇಡ ಎಂಬ ಮಾತು. ಅಕ್ಕ ಅಳಲಿಲ್ಲ. ಬಾವಿಕಟ್ಟೆಯ ಮೇಲೆ ಕಾಗೆಯೊಂದು ಬಂದು ಕುಳಿತು ಹಾರಿಹೋಗುವವರೆಗೂ ಅದನ್ನೇ ನೋಡುತ್ತಿದ್ದರು.

“ಅವ್ಳಿಗೆ ಬಂದ್ ಹೇಳುಕೆ ಒಬ್ಬನಾರೂ ಇದ್ದ,” ಎಂದರು. ಅಷ್ಟೇ ಹೇಳಿ ಎದ್ದು ಹೋದರು.

ತಿಂಗಳು ತುಂಬುವುದರೊಳಗೆ ಅವರು ಮುಂಬೈಗೆ ಹೊರಟರು. ಉಪ್ಪುಂದದ ಕಡೆಯ ಗುರುತಿನವರೊಬ್ಬರು ಸಂಸಾರ ಸಮೇತ ಅಲ್ಲಿದ್ದರು, ಊರಿಗೆ ಬಂದು ವಾಪಸು ಹೊರಟಿದ್ದರು. ಅವರ ಜೊತೆ. ಗಂಡನ ಕೊನೆಯ ಕಾಗದದ ಹಿಂದಿದ್ದ ಅಡ್ರೆಸ್ಸನ್ನು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ನನಗೆ ಹೇಳಿದರು. ಸ್ಟೇಷನ್ನಿಗೆ ನಾನೂ ಹೋಗಿದ್ದೆ. ರೈಲು ಹತ್ತುವಾಗ ಅವರು ಹಿಂತಿರುಗಿ ನೋಡಲಿಲ್ಲ. ಹುಡುಕಿ ಸಿಗದಿದ್ದರೆ ಏನು, ಸಿಕ್ಕಿದರೆ ಏನು, ಎರಡೂ ನನ್ನ ಸುಳ್ಳಿನಿಂದಲೇ ಆದಂತೆ ನನಗೆ ಹೆದರಿಕೆ.

ಒಂಬತ್ತನೆಯ ದಿನ ಬಂದರು. ನಾನು ಓಡಿಹೋದೆ. “ಕಂಡ್ ಬಂದೆ,” ಎಂದರು. ಮುಂದೆ ಒಂದು ಮಾತಿಲ್ಲ. ಮಗ ಆರಾಮವಾಗಿದ್ದಾನೆ, ಬರಲು ಆಗುವುದಿಲ್ಲವಂತೆ ಎಂದು ಅತ್ತೆಗೆ ಹೇಳಿದರು. ಅತ್ತೆ ಅದನ್ನು ನಂಬಿದರೋ, ನಂಬಿದಂತೆ ಮಾಡಿದರೋ, ಮತ್ತೆ ಕೇಳಲಿಲ್ಲ. ಅತ್ತೆಯನ್ನು ಕೊನೆಯವರೆಗೂ ಅಕ್ಕನೇ ನೋಡಿಕೊಂಡರು. ಆ ವಾರ ಮಾತ್ರ ಬೋರ್ಡ್ ಬರೆಯುವವರನ್ನು ಕರೆಸಿ, ಅಂಗಡಿಯ ಬೋರ್ಡಿನ ಮೇಲಿದ್ದ ಹೆಸರನ್ನು ಅಳಿಸಿ, ತಮ್ಮ ಹೆಸರನ್ನು ಬರೆಸಿದರು. ನೀಲಿ ಅಕ್ಷರ. ಒಣಗುವವರೆಗೂ ರಸ್ತೆಯಲ್ಲಿ ನಿಂತು ನೋಡಿದರು. “ಸುದ್ದಿ ಉಂಟಾ” ಎಂದು ಜನ ಕೇಳುವುದು ನಿಧಾನವಾಗಿ ನಿಂತಿತು.

ಆಮೇಲೆ ಏಳೆಂಟು ವರ್ಷ ನಮ್ಮ ಚಿತ್ರೋತ್ಸವ ನಡೆಯಿತು. ಪ್ರತಿ ವರ್ಷವೂ ಅಕ್ಕ ಮೂರನೆಯ ಕಿಟಕಿಯ ಹತ್ತಿರ, ನಾನು ಅವರ ಪಕ್ಕದಲ್ಲಿ. ಹೊಲಿಗೆ ಕಲಿಯಲು ಬರುತ್ತಿದ್ದ ತಲ್ಲೂರಿನ ಹುಡುಗಿಯರನ್ನೂ ಒಮ್ಮೊಮ್ಮೆ ಕರೆತರುತ್ತಿದ್ದರು. ನಾನು ಒಂದು ಸಾಲು ನುಂಗಿದರೂ ಮೊಣಕೈಯಿಂದ ತಿವಿಯುತ್ತಿದ್ದರು. ಎಷ್ಟು ಕಠಿಣವಾದ ಮಾತಿದ್ದರೂ ಇದ್ದಂತೆಯೇ ಹೇಳಬೇಕು. ಸಿನಿಮಾ ಮುಗಿದ ಮೇಲೆ ದಂತವೈದ್ಯರು ಕ್ಯಾಮೆರಾದ ಬಗ್ಗೆ, ಬ್ಯಾಂಕಿನವರು ಆ ದೇಶದ ರಾಜಕೀಯದ ಬಗ್ಗೆ ಮಾತಾಡುತ್ತಿದ್ದರು. ಅಕ್ಕ ಏನೂ ಹೇಳುತ್ತಿರಲಿಲ್ಲ. ದಾರಿಯಲ್ಲಿ ನಡೆಯುವಾಗ ಮಾತ್ರ, ಆ ಮುದುಕಿ ಚಹಾ ಕೊಡುವಾಗ ಲೋಟವನ್ನು ತನ್ನ ಕಡೆಗೇ ತಿರುಗಿಸಿದಳು ನೋಡಿದಿರಾ, ಅವಳಿಗೆ ಕೊಡಲು ಮನಸ್ಸಿರಲಿಲ್ಲ ಎಂಬಂಥದ್ದೊಂದನ್ನು ಹೇಳುತ್ತಿದ್ದರು. ನಾನು ಅಕ್ಷರ ಓದುವುದರಲ್ಲಿ ಅದನ್ನು ನೋಡಿಯೇ ಇರುತ್ತಿರಲಿಲ್ಲ.

ಮುಂದೆ ನನಗೆ ಬ್ರಹ್ಮಾವರಕ್ಕೆ ವರ್ಗವಾಯಿತು. ಬ್ಯಾಂಕಿನವರೂ ಬೇರೆ ಊರುಗಳಿಗೆ ಹೋದರು. ಉತ್ಸವ ಒಂದು ವರ್ಷ ನಡೆಯಲಿಲ್ಲ, ಮರುವರ್ಷ ಅದರ ಮಾತನ್ನೇ ಯಾರೂ ಎತ್ತಲಿಲ್ಲ. ಅಕ್ಕನಿಗೆ ಹುಷಾರಿಲ್ಲವೆಂದು ಅವರ ಶಿಷ್ಯೆಯೊಬ್ಬಳು ಫೋನು ಮಾಡಿದ ಮೇಲೆಯೇ ನಾನು ಕೋಟೇಶ್ವರಕ್ಕೆ ಹೋದದ್ದು. ಎರಡು ವರ್ಷ ಹೋಗಿರಲಿಲ್ಲ. ಬಸ್ಸಿಳಿದು ನಡೆಯುವಾಗ ನಾಚಿಕೆಯಾಗುತ್ತಿತ್ತು.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಅಕ್ಕ ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ದಿಂಬಿಗೊರಗಿ ಕುಳಿತಿದ್ದರು. ಬಹಳ ಸಣ್ಣಗಾಗಿದ್ದರು. ಶಿಷ್ಯೆ ಒಳಗೆ ಕಾಫಿ ಮಾಡುತ್ತಿದ್ದಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು, “ಟೀಚ್ರೆ, ನೀವ್ ನಂಗ್ ಎಷ್ಟೋ ಸಿನ್ಮಾ ಹೇಳ್ದ್ರಿ. ನಾನ್ ನಿಮ್ಗ್ ಒಂದ್ ಹೇಳ್ಲಿಲ್ಲೆ.”

ಆಮೇಲೆ ಹೇಳಿದರು. ನಿಧಾನವಾಗಿ, ಕಣ್ಣೆದುರು ಓಡುತ್ತಿರುವುದನ್ನು ನೋಡಿ ಹೇಳುವಂತೆ. ಮುಂಬೈಯಲ್ಲಿ ಹಳೆಯ ಅಡ್ರೆಸ್ಸಿನ ಹೋಟೆಲಿನವರು ಇನ್ನೊಂದು ಜಾಗ ತೋರಿಸಿದರು. ಅಲ್ಲಿ ರಸ್ತೆ ಬದಿಯಲ್ಲಿ ಒಂದು ಜ್ಯೂಸಿನ ಅಂಗಡಿ. ಎದುರುಗಡೆ ಬಸ್‌ಸ್ಟಾಪು. ಜೊತೆಗೆ ಬಂದವರನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಅಕ್ಕ ಅಲ್ಲಿ ಹೋಗಿ ನಿಂತರು. ಅಂಗಡಿಯೊಳಗೆ ಗಂಡ ಗ್ಲಾಸು ತೊಳೆಯುತ್ತಿದ್ದರು. ತಲೆ ಹಣ್ಣಾಗಿತ್ತು. ಬಸ್ಸುಗಳು ಅಡ್ಡ ಬರುತ್ತಿದ್ದವು, ಹೋಗುತ್ತಿದ್ದವು, ಮತ್ತೆ ಅವರು ಕಾಣುತ್ತಿದ್ದರು. ಸ್ವಲ್ಪ ಹೊತ್ತಿಗೆ ಯೂನಿಫಾರ್ಮು ಹಾಕಿದ ಒಬ್ಬಳು ಸಣ್ಣ ಹುಡುಗಿ ಬಂದು ಬೆನ್ನು ತಿರುಗಿಸಿ ನಿಂತಳು. ಅವರು ಕೈ ಒರೆಸಿಕೊಂಡು ಅವಳ ಬಿಚ್ಚಿಹೋದ ಜಡೆಗೆ ರಿಬ್ಬನ್ ಕಟ್ಟಿದರು. ಕಟ್ಟಲು ಬರುತ್ತಿರಲಿಲ್ಲ. ಎರಡು ಸಲ ಬಿಚ್ಚಿ ಮೂರನೆಯ ಸಲ ಕಟ್ಟಿದರು. ಹುಡುಗಿ ನಗುತ್ತಿದ್ದಳು...

ಅಕ್ಕ ಅಲ್ಲಿಗೆ ನಿಲ್ಲಿಸಿದರು. ನಾನು ಕೇಳಿದೆ, “ಮಾತಾಡ್ಸ್ಲಿಲ್ಯಾ ಅಕ್ಕ?”

“ಎಂತ ಮಾತಾಡ್ಸೂದ್? ಅದ್ರಗೆ ನಂಗ್ ಪಾರ್ಟ್ ಇರ್ಲಿಲ್ಲೆ.”

ದುಃಖದಿಂದ ಹೇಳಿದ ಮಾತಲ್ಲ ಅದು. ಚೆನ್ನಾಗಿ ನೋಡಿ ಬಂದವರ ಧ್ವನಿ ಇತ್ತು. ಶಿಷ್ಯೆ ಕಾಫಿ ತಂದಳು. ನಾವು ಕುಡಿದೆವು.

ಅದೇ ನಾನು ಅವರನ್ನು ಕೊನೆಯ ಸಲ ನೋಡಿದ್ದು. ಮುಂದಿನ ಭಾನುವಾರ ಮತ್ತೆ ಬರುತ್ತೇನೆ ಎಂದು ಹೇಳಿ ಬಂದಿದ್ದೆ. ಆ ಭಾನುವಾರ ಪರೀಕ್ಷೆಯ ಪೇಪರ್ ತಿದ್ದುವುದಿತ್ತು, ಹೋಗಲಿಲ್ಲ. ಅದರ ಮುಂದಿನ ಗುರುವಾರ ಶಿಷ್ಯೆಯ ಫೋನು ಬಂತು.

ಈಗ ಹಾಗೆ ಪಕ್ಕದಲ್ಲಿ ಕುಳಿತು ಪಿಸುಗುಟ್ಟುವ ಅಗತ್ಯ ಯಾರಿಗೂ ಇಲ್ಲ. ಯಾವ ದೇಶದ ಸಿನಿಮಾ ಬೇಕಾದರೂ ಮಗಳ ಮೊಬೈಲಿನಲ್ಲಿ ಸಿಗುತ್ತದೆ. ಮೊನ್ನೆ ಅವಳ ಜೊತೆ ಒಂದನ್ನು ನೋಡುತ್ತಾ ಕುಳಿತಿದ್ದೆ. ಒಂದು ಕಡೆ ಯಾರೋ ಯಾರಿಗೋ ಏನೋ ಮುಖ್ಯವಾದದ್ದನ್ನು ಹೇಳಿದರು. ನಾನು ಕೆಳಗಿನ ಅಕ್ಷರ ಓದಿದೆ, ಅರ್ಥವಾಯಿತು. ಆದರೂ ಏನೋ ತಪ್ಪಿಹೋಯಿತು ಎನ್ನಿಸಿತು. ಅದೇನೆಂದು ಮನೆಗೆ ಹೋಗುವ ದಾರಿಯಲ್ಲಿ ಹೇಳಲು ಅಕ್ಕ ಇಲ್ಲ.