ಮೂವರು ಅಮ್ಮಂದಿರ ಊರಿಗೆ

ಎರಡು ಸಾವಿರದ ಹದಿನೈದರ ಆಸುಪಾಸಿನ ಮಾತು. ಆಗ ನಾನು ಆಸ್ಟ್ರೇಲಿಯಾದ ಪರ್ತ್‌ನ ಗಣಿ ಕಂಪನಿಯೊಂದರಲ್ಲಿ ಭೂವಿಜ್ಞಾನಿ. ಪಕ್ಕದ ಮೇಜಿನ ಗೆಳತಿಯದೂ ಅದೇ ಕೆಲಸ. ನಾನು ಮೈಸೂರಿನವಳು, ಅವಳು ಕೆನಡಾದ ಮೂಲನಿವಾಸಿಗಳಾದ ಮೋಹಾಕ್ ಜನರವಳು. ಅಡಿಲೇಡಿನ ಹುಡುಗನನ್ನು ಮದುವೆಯಾಗಿ ಈ ಕಡೆ ಬಂದಿದ್ದಳು. ರಜೆ ಸಿಕ್ಕರೆ ಎರಡೂ ಸಂಸಾರ ಸೇರಿ ಹತ್ತಿರದ ಸ್ವಾನ್ ವ್ಯಾಲಿಯ ದ್ರಾಕ್ಷಿತೋಟಗಳಿಗೆ ಹೋಗಿ, ದ್ರಾಕ್ಷಿ ತಿಂದು, ಹರಟೆ ಹೊಡೆದು ಬರುತ್ತಿದ್ದೆವು.

ಅವಳ ಕತ್ತಿನಲ್ಲೊಂದು ಗಂಟು ಕಾಣಿಸಿತು. ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್. ಕೀಮೋ ಮುಗಿಯುವ ಹೊತ್ತಿಗೆ ಗಂಟು ಕರಗಿತ್ತು, ಜೊತೆಗೆ ಅವಳೂ ಕರಗಿಹೋಗಿದ್ದಳು. ಇನ್ನೊಂದು ದೊಡ್ಡ ಚಿಕಿತ್ಸೆ ಆಗಲೇಬೇಕು, ಆದರೆ ಅದನ್ನು ತಡೆಯುವಷ್ಟು ಶಕ್ತಿ ಈ ಮೈಯಲ್ಲಿಲ್ಲ, ಮೊದಲು ತೂಕ ಬರಲಿ ಎಂದರು ಡಾಕ್ಟರು. ನಾನು ಮಾಡಿಕೊಂಡು ಹೋದ ಗಂಜಿ, ಮೆಣಸಿನ ಸಾರು ಯಾವುದೂ ಅವಳ ಗಂಟಲಲ್ಲಿ ಇಳಿಯಲಿಲ್ಲ.

ಒಂದು ಮಧ್ಯಾಹ್ನ ಹೇಳಿದಳು, "ನಾನು ಊರಿಗೆ ಹೋಗ್ಬೇಕು."

"ಈ ಸ್ಥಿತೀಲಾ? ನಿಮ್ಮಮ್ಮ ತೀರಿಹೋಗಿ ಎಷ್ಟು ವರ್ಷ ಆಯ್ತು. ಅಲ್ಲಿ ಯಾರಿದ್ದಾರೆ?"

"ಇನ್ನೂ ಮೂರು ಜನ ಅಮ್ಮಂದಿರಿದ್ದಾರೆ."

ಅಮ್ಮನ ಅಕ್ಕತಂಗಿಯರನ್ನೂ ಅವರಲ್ಲಿ ಅಮ್ಮ ಎಂದೇ ಕರೆಯುತ್ತಾರಂತೆ. ನಮ್ಮಲ್ಲೂ ದೊಡ್ಡಮ್ಮ, ಚಿಕ್ಕಮ್ಮ ಅಂತೀವಿ ಎಂದೆ.

"ಹಾಗಾದ್ರೆ ನಿನಗೆ ಅರ್ಥ ಆಗುತ್ತೆ. ನೀನೇ ಕರ್ಕೊಂಡು ಹೋಗು."

ಅವಳ ಗಂಡ ಚಿಕ್ಕ ಮಕ್ಕಳನ್ನು ಬಿಟ್ಟು ಬರುವಂತಿರಲಿಲ್ಲ. ಡಾಕ್ಟರು ಬೇಡವೆನ್ನಲಿಲ್ಲ. ನಾನು ರಜೆ ಹಾಕಿದೆ.

ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಂಡೆಯ ಊರು ಅದು. ಮೂವರಲ್ಲಿ ಹಿರಿಯರಾದ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದರು. ಇವಳನ್ನು ನೋಡಿ ಅಳಲಿಲ್ಲ. ಕೆನ್ನೆ ಸವರಿ, "ಸೊರಗಿದ್ದೀಯ. ಕೂತ್ಕೋ" ಎಂದರು.

ಬಿಳಿ ಬಣ್ಣದ ಮುಸುಕಿನ ಜೋಳದ ಕಾಳುಗಳನ್ನು ಸೌದೆ ಬೂದಿ ಹಾಕಿ ಬೇಯಿಸಿ, ತೊಳೆದು ತೊಳೆದು ಸಿಪ್ಪೆ ಬಿಡಿಸಿ ಸೂಪ್ ಮಾಡುತ್ತಿದ್ದರು. ಅವರೆಕಾಳು ಹಿತುಕಿ ಅಭ್ಯಾಸವಿದ್ದ ನಾನೂ ಕೈಹಾಕಿದೆ. ದೊಡ್ಡಮ್ಮ ನನ್ನ ಬೆರಳನ್ನೇ ನೋಡಿ ನಕ್ಕರು. "ಇವಳನ್ನ ಇಲ್ಲೇ ಇಟ್ಕೊಳ್ಳೋಣ."

ದೊಡ್ಡಮ್ಮ ನಾಟಿ ಔಷಧಿ ಬಲ್ಲವರು, ಆದರೂ ಅವಸರ ಮಾಡಲಿಲ್ಲ. ಇವಳ ಮಾತ್ರೆಗಳನ್ನೆಲ್ಲ ನೋಡಿ, ಗಿಡಮೂಲಿಕೆಯ ಹೆಸರು ಹೇಳಿ, ಪರ್ತ್‌ನ ಡಾಕ್ಟರಿಗೆ ನನ್ನಿಂದಲೇ ಫೋನ್ ಮಾಡಿಸಿ, ಆಗಬಹುದು ಎಂದ ಮೇಲಷ್ಟೇ ಕಷಾಯ ಕೊಟ್ಟರು. ಊಟಕ್ಕೆ ಮುಂಚೆ ಅವರ ಭಾಷೆಯಲ್ಲಿ ಮಣ್ಣಿಗೆ, ನೀರಿಗೆ, ಮೀನಿಗೆ, ಗಾಳಿಗೆ, ಸೂರ್ಯನಿಗೆ ಒಂದೊಂದಾಗಿ ವಂದಿಸುತ್ತಿದ್ದರು. ಇವಳಿಗೆ ಆ ಮಾತುಗಳು ಮರೆತೇಹೋಗಿದ್ದವು. ಮೊದಮೊದಲು ತಲೆತಗ್ಗಿಸಿ ಕೂರುತ್ತಿದ್ದವಳು ಆಮೇಲಾಮೇಲೆ ತುಟಿ ಅಲ್ಲಾಡಿಸಿದಳು. ಕೊನೆಗೆ ದನಿ ಬಂತು.

ಒಂದು ಬೆಳಿಗ್ಗೆ ಅಮ್ಮಂದಿರು ಮೂವರೂ ಅವಳನ್ನು ತಮ್ಮ ಪ್ರಾರ್ಥನೆಯ ಜಾಗಕ್ಕೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೋಗುವಾಗ ಇಬ್ಬರು ತೋಳು ಹಿಡಿದಿದ್ದರು. ಬರುವಾಗ ಅವಳೇ ಮುಂದೆ ನಡೆದು ಬಂದಳು, ಕೂತವಳೇ ಬಟ್ಟಲು ಚಾಚಿದಳು. ಸೂಪ್ ಖಾಲಿ ಮಾಡಿ, "ಇನ್ನೊಂಚೂರು ಹಾಕಿ" ಎಂದಳು. ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಕೆಲವು ವಾರ ಕಳೆದು ಪರ್ತ್‌ಗೆ ವಾಪಸ್ಸಾದಾಗ ತೂಕ ನೋಡಿದ ಡಾಕ್ಟರು, "ಈಗ ಶುರು ಮಾಡಬಹುದು" ಎಂದರು. ಆ ಚಿಕಿತ್ಸೆ ಸುಲಭದ್ದಾಗಿರಲಿಲ್ಲ. ಜ್ವರದಲ್ಲಿ ಬೇಯುತ್ತಲೇ ಅವಳು ನೀರಿಗೆ, ಗಾಳಿಗೆ ವಂದಿಸುತ್ತಿದ್ದಳು. ಅರ್ಥ ತಿಳಿಯದಿದ್ದರೂ ನಾನೂ ಗುನುಗುತ್ತಿದ್ದೆ. ತಿಂಗಳುಗಳ ಮೇಲೆ ಸ್ಕ್ಯಾನ್ ಬಂತು. ಡಾಕ್ಟರು ಕಂಪ್ಯೂಟರಿನ ತೆರೆಯನ್ನು ನಮ್ಮ ಕಡೆ ತಿರುಗಿಸಿದರು. "ನೋಡಿ. ಏನೂ ಇಲ್ಲ." ಗಂಡ ಅವಳ ಹೆಗಲ ಮೇಲೆ ಮುಖವಿಟ್ಟ. ಅವಳು ಮಾತ್ರ ನಗುತ್ತಾ ಕೂತಿದ್ದಳು.

ಮುಂದಿನ ಬೇಸಿಗೆಗೆ ಅವರು ಅಡಿಲೇಡಿಗೆ ಮನೆ ಬದಲಾಯಿಸಿದ್ದರು. ನಾನು ಹೋದಾಗ ಗ್ಲೆನೆಲ್ಗ್ ಕಡಲತೀರಕ್ಕೆ ಕರೆದೊಯ್ದಳು. ತಲೆತುಂಬಾ ದಟ್ಟ ಕೂದಲು. ಸೀದಾ ನೀರಿಗಿಳಿದು, ಕಡಲೊಳಕ್ಕೆ ಸೇತುವೆಯಂತೆ ಚಾಚಿದ ಜೆಟ್ಟಿಯ ಪಕ್ಕದಲ್ಲೇ ಈಜತೊಡಗಿದಳು. ನಾನು ಅದರ ಹಲಗೆಗಳ ಮೇಲೆ ಅವಳ ಜೊತೆಜೊತೆಗೆ ಬಿರಬಿರನೆ ನಡೆದೆ. ಅರ್ಧದಾರಿಯಲ್ಲಿ ನನಗೆ ಏದುಸಿರು ಬಂತು.

"ಬೇಗ ಬಾರೇ" ಎಂದು ಕೆಳಗಿನಿಂದ ಕೂಗಿ ಅವಳು ಮುಂದೆ ಹೋಗಿಬಿಟ್ಟಳು.