ಕೋಶಗಳ ಪೆಟ್ಟಿಗೆಗೆ ಲೋಬಾನ

ನಾನು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಶ್ವಾಸಕೋಶದ ಜೀವಕೋಶಗಳನ್ನು ಸಾಕುತ್ತಿದ್ದೆ. ಸಾಕುವುದು ಎನ್ನುವುದೇ ಸರಿಯಾದ ಮಾತು. ಎಮ್ಮೆ ಕಟ್ಟಿದವರಿಗೆ ಹೇಗೆ ಊರು ಬಿಡಲಾಗುವುದಿಲ್ಲವೋ ಹಾಗೆ ನನಗೂ ಆಗುತ್ತಿರಲಿಲ್ಲ. ಸಣ್ಣ ಬಟ್ಟಲಿನಲ್ಲಿ ತೆಳ್ಳನೆಯ ಪೊರೆ, ಪೊರೆಯ ಮೇಲೆ ಕೋಶಗಳು. ಕೆಳಗಿನಿಂದ ಅವಕ್ಕೆ ಪೋಷಕ ದ್ರವ, ಮೇಲಿನಿಂದ ಬರೀ ಗಾಳಿ, ನಮ್ಮ ಎದೆಯೊಳಗೆ ಇರುವ ಹಾಗೆಯೇ. ನಾಲ್ಕು ವಾರ ಹೀಗೆ ಬೆಳೆಸಬೇಕು. ಆಮೇಲೆ ಅರ್ಧ ಬಟ್ಟಲುಗಳಿಗೆ ಬಣ್ಣಗಳಲ್ಲಿ ಬಳಸುವ ನ್ಯಾನೋ ಕಣಗಳನ್ನು ಉದುರಿಸಿ, ಉಳಿದರ್ಧಕ್ಕೆ ಶುದ್ಧ ಗಾಳಿಯನ್ನಷ್ಟೇ ಕೊಟ್ಟು, ಎರಡನ್ನೂ ಹೋಲಿಸಿ ನೋಡಬೇಕು. ಅದು ನನ್ನ ಪಿಎಚ್.ಡಿ.ಯ ಕೊನೆಯ ಪ್ರಯೋಗ. ದಿನ ಬಿಟ್ಟು ದಿನ ದ್ರವ ಬದಲಿಸಲೇಬೇಕು, ಭಾನುವಾರವಿರಲಿ, ಹಬ್ಬವಿರಲಿ.

ಇತ್ತ ಮನೆಯಲ್ಲಿ ಅಪ್ಪನ ಕಾಯಿದೆ. ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ದಲಾಲಿ ಮಾಡುವ ಅಪ್ಪ ಗೆರೆ ಎಳೆದರೆ ದಾಟುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಸಂಜೆ ಆರರೊಳಗೆ ನಾನು ಹುಬ್ಬಳ್ಳಿಯ ಮನೆಯಲ್ಲಿರಬೇಕು. ಬಸ್ಸು ತಡವಾದರೆ ದಾರಿಯಲ್ಲಿನ ಸತ್ತೂರ ದಾಟುವ ಮೊದಲೇ ಅವ್ವನ ಫೋನು. ಆ ವರ್ಷ ಅಪ್ಪ ಇನ್ನೊಂದು ಗೆರೆ ಎಳೆದಿದ್ದರು: ಯುಗಾದಿಯೊಳಗೆ ಈ ಓದು ಮುಗಿಯಬೇಕು, ಮುಗಿಯದಿದ್ದರೆ ಅಲ್ಲಿಗೇ ಬಿಟ್ಟು ಮನೆಯಲ್ಲಿರಬೇಕು. ನನಗಾಗ ಮೂವತ್ತೊಂದು ವರ್ಷ. ಸರಿ ಅಪ್ಪಾ ಎಂದಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುವಷ್ಟು ವಿನಯವಾಗಿ ಎಂದಿದ್ದೆ.

ದಸರೆಯಲ್ಲಿ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ನನ್ನ ಕೋಶಗಳಿಗೆ ನಾಲ್ಕನೆಯ ವಾರ ನಡೆದಿತ್ತು. ಹಬ್ಬದ ದಿನವೂ ಹೋಗಬೇಕೆಂದಾಗ ಅಪ್ಪ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಅಂಗಡಿಯ ಪೂಜೆ ಮುಗಿಸಿಕೊಂಡು ತಾವೂ ಬರುವುದಾಗಿ ಹೇಳಿದರು. ಅಷ್ಟು ವರ್ಷಗಳಲ್ಲಿ ನಾನು ಏನು ಮಾಡುತ್ತೇನೆಂದು ಅವರು ಒಮ್ಮೆಯೂ ನೋಡಿರಲಿಲ್ಲ. ದಾರಿಯುದ್ದಕ್ಕೂ ನಾನು ಸಣ್ಣ ಹುಡುಗಿಯ ಹಾಗೆ ಮಾತಾಡಿದೆ. ನಿಮ್ಮ ಮೆಣಸಿನಕಾಯಿ ಧೂಳು ಸೀನು ಬರಿಸಿ ತಾನು ಬಂದೆನೆಂದು ಹೇಳಿಯಾದರೂ ಹೇಳುತ್ತದೆ, ನನ್ನ ಧೂಳು ಸುಳಿವೇ ಕೊಡದೆ ಎದೆಯ ತಳಕ್ಕೆ ಇಳಿಯುತ್ತದೆ ಎಂದೆಲ್ಲ ವಿವರಿಸಿದೆ. ಅಪ್ಪ ನಕ್ಕರು.

ರಜೆಯಾದ್ದರಿಂದ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅಪ್ಪನಿಗೆ ಬಿಳಿ ಗೌನು, ತಲೆಗೆ ಟೋಪಿ ತೊಡಿಸಿ ಒಳಗೆ ಕರೆದುಕೊಂಡು ಹೋದೆ. ಹಿಂದಿನ ದಿನವೇ ಯಾರೋ ಯಂತ್ರಗಳಿಗೆಲ್ಲ ಕುಂಕುಮ ಹಚ್ಚಿ ಚೆಂಡುಹೂ ಏರಿಸಿದ್ದರು. ಹೊಗೆ ಮಾತ್ರ ಆ ಕೋಣೆಗೆ ವರ್ಜ್ಯ. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯಾದ ಇನ್‌ಕ್ಯುಬೇಟರನ್ನು ತೋರಿಸಿ, ನನ್ನ ಇಷ್ಟು ವರ್ಷದ ಗಳಿಕೆಯೆಲ್ಲ ಇದರೊಳಗಿದೆ ಎಂದೆ. ಹಾಗೆ ಹೇಳಬಾರದಿತ್ತು. ಅಪ್ಪ ಕೈಚೀಲದಿಂದ ವಿಭೂತಿ ತೆಗೆದು ಅದರ ಹಣೆಗೆಂಬಂತೆ ಮೂರು ಬೆರಳು ಎಳೆದರು. ಆಮೇಲೆ ಧೂಪದ ಲೋಬಾನ ತುಂಬಿದ ಪುಟ್ಟ ಕಪ್ಪಿಗೆ ಕಡ್ಡಿ ಗೀರಿದರು. ಒಳಗೆ ಹೊಗೆ ಹೋಗಬಾರದು ಎಂದು ತೊದಲಿದೆ.

"ತಿಜೋರಿ ಬಾಗಲಾ ಮುಚ್ಚಿ ಯಾರರೆ ಪೂಜಿ ಮಾಡ್ತಾರೇನವಾ?" ಎಂದ ಅಪ್ಪ ತಾವೇ ಬಾಗಿಲು ತೆಗೆದರು, ಒಳಗಿನ ಗಾಜಿನ ಬಾಗಿಲನ್ನೂ ತೆಗೆದರು. ಅಂಗಡಿಯಲ್ಲಿ ಅವರು ಮಾಡುವುದೂ ಹಾಗೆಯೇ. ತಿಜೋರಿ ತೆರೆದು ಒಳಗೆಲ್ಲ ಹೊಗೆ ತುಂಬುವಂತೆ ಮೂರು ಸುತ್ತು ಲೋಬಾನ ಹಿಡಿಯುವುದು. ಮೊದಲ ಸುತ್ತು ಮುಗಿಯಿತು. ಇನ್ನೂ ಎರಡು ಸುತ್ತು ಬಾಕಿ ಇದ್ದವು. ಅವರ ಕಣ್ಣು ಮುಚ್ಚಿದ್ದವು, ತುಟಿ ಅಲುಗುತ್ತಿದ್ದವು. ನನಗೆ ಒಳ್ಳೆಯದಾಗಲೆಂದು ಬೇಡಿಕೊಳ್ಳುತ್ತಿರುವ ಮನುಷ್ಯನನ್ನು ತಡೆಯುವುದು ಹೇಗೆ? ಕೈ ಜೋಡಿಸಿ ನಿಂತುಬಿಟ್ಟೆ.

ಬಟ್ಟಲುಗಳಿಗೆ ಮುಚ್ಚಳವಿದ್ದರೂ ಗಾಳಿಯಾಡುವ ಸಂದಿ ಇರುತ್ತದೆ. ಲೋಬಾನದ ಹೊಗೆಯೂ ಕಣ್ಣಿಗೆ ಕಾಣದ ಕಣಗಳದ್ದೇ ಎಂಬುದು ನನಗಿಂತ ಚೆನ್ನಾಗಿ ನಮ್ಮ ಮನೆಯಲ್ಲಿ ಇನ್ನಾರಿಗೆ ಗೊತ್ತಿತ್ತು? ಆದರೂ ಏನೂ ಆಗಿಲ್ಲವೆಂದು ನನಗೆ ನಾನೇ ಸುಳ್ಳು ಹೇಳಿಕೊಂಡು ಪ್ರಯೋಗ ಮುಂದುವರಿಸಿದೆ. ಫಲಿತಾಂಶ ಬಂದಾಗ, ಶುದ್ಧ ಗಾಳಿ ಕುಡಿದ ಕೋಶಗಳೂ ಕಣ ಬಿದ್ದ ಕೋಶಗಳಷ್ಟೇ ಸೊರಗಿದ್ದವು. ಹೋಲಿಸಲು ಏನೂ ಉಳಿದಿರಲಿಲ್ಲ. ಮಾರ್ಗದರ್ಶಕಿ ಮೇಡಂ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ಆಗ ನೀವೆಲ್ಲಿದ್ದಿರಿ ಎಂದಷ್ಟೇ ಕೇಳಿದರು. ಪಕ್ಕದಲ್ಲೇ ಇದ್ದೆ ಎಂದು ಹೇಳುವಾಗ ನಾಚಿಕೆಯಿಂದ ಕುಗ್ಗಿಹೋದೆ. ಹೊಸ ಕೋಶಗಳನ್ನು ಹೊರದೇಶದಿಂದ ತರಿಸಿ ಮೊದಲಿನಿಂದ ಶುರು ಮಾಡಬೇಕು, ಅವು ಬರಲಿಕ್ಕೇ ನಾಲ್ಕು ತಿಂಗಳಾದೀತು ಎಂದರು.

ಆ ಸಂಜೆ ಅಪ್ಪ ಊಟಕ್ಕೆ ಕೂತಿದ್ದಾಗ ಇದ್ದದ್ದನ್ನು ಇದ್ದಂತೆ ಹೇಳಿದೆ. ಒಳಗೆ ಅವ್ವ ರೊಟ್ಟಿ ಬಡಿಯುವುದು ನಿಂತಿತು. ಅಪ್ಪ ತುತ್ತು ಕೆಳಗಿಟ್ಟರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ನೀ ಅಲ್ಲೇ ನಿಂತಿದ್ದೆಲ್ಲವಾ. ನನ್ನ ಕೈ ಹಿಡದು ನಿಲ್ಲಸಬೇಕಿತ್ತು" ಎಂದರು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಈ ಮನ್ಯಾಗ ನಿಮ್ಮ ಕೈ ಯಾರು ಹಿಡದಾರ್ರಿ ಅಪ್ಪಾ?" ಎಂದೆ.

ಅಪ್ಪ ಹೊಸ ಕೋಶಗಳು ಯಾವಾಗ ಬರುತ್ತವೆ, ಎಷ್ಟು ದಿನ ಬೆಳೆಯಬೇಕು ಎಂದು ಕೇಳಿ, ಬೆರಳಿನ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದರು. ಎಣಿಕೆ ಒಂದು ಗೆಣ್ಣು ಮುಂದೆ ಹೋಯಿತು. "ಆಗೂದಿಲ್ಲ ಬಿಡವಾ, ಯುಗಾದಿ ದಾಟತೈತಿ" ಎಂದು ಕೈ ತೊಳೆಯಲು ಏಳಹೋದರು.

ಆಗ ನಾನು ಆ ಎಂಜಲು ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದೆ. ಅಪ್ಪ ಒಮ್ಮೆ ಎಳೆದುಕೊಂಡರು. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಬಿಡಲಿಲ್ಲ.