ವೀಲ್ ಪಾನಾದ ಜಾಗ

ಕಿರಂಗೂರಿನ ನಮ್ಮ ಕೊಟ್ಟಿಗೆಯಲ್ಲಿ ಎಮ್ಮೆಗಳ ಪಕ್ಕದಲ್ಲೇ ಚಿಕ್ಕಪ್ಪನ ಹಳೇ ಕಾರು ನಿಲ್ಲುತ್ತಿತ್ತು. ರಿಪೇರಿಯೆಲ್ಲ ಅವನದೇ. ಪಾನಾಗಳು ಹುಲ್ಲಿನಲ್ಲಿ, ಬಾನಿಯಲ್ಲಿ, ಒಮ್ಮೆ ಎಂಜಿನ್ನಿನೊಳಗೇ ಸಿಕ್ಕಿದ್ದವು. ಕೇಳಿದರೆ "ಗ್ಯಾಪ್ಕ ಇಟ್ಕತೀನಿ ಬುಡು" ಅನ್ನುತ್ತಿದ್ದ. ತೊಂಬತ್ತರ ದಶಕದಲ್ಲಿ ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ನಿಲ್ಲುತ್ತಿದ್ದ ನಾನು ಯಾವ ಮಾತಿಗೂ ಆಧಾರ ಕೇಳುವವನು. ಈ ಮಾತಿಗೆ ಆಧಾರವೇ ಇರಲಿಲ್ಲ.

ಹಾಗಾಗಿ ಒಂದು ಬೀರು ಮಾಡಿಸಲು ನಾನೇ ನಕ್ಷೆ ಬರೆದೆ. ಗೇಣು ಆಳ, ಹಿಂದೆ ಬಿಳಿ ಬಣ್ಣದ ಹಲಗೆ, ಜಾಕು ಗ್ರೀಸು ಕೆಳಗೆ. ಎಮ್ಮೆ ಮೂತಿ ತೂರಿಸದಂತೆ, ಆದರೆ ಒಳಗೆಲ್ಲ ಕಾಣುವಂತೆ, ಬಾಗಿಲಿಗೆ ತಂತಿ ಬಲೆ. ಒಂದೊಂದು ಪಾನಾವನ್ನೂ ಹಲಗೆ ಮೇಲಿಟ್ಟು ಸುತ್ತ ಗೆರೆ ಎಳೆದು ಒಳಗೆ ಕೆಂಪು ಬಳಿದು, ತೂಗುಹಾಕಲು ಮೊಳೆ ಹೊಡೆದೆ. ಸಾಮಾನು ತೆಗೆದರೆ ಅದರ ಆಕಾರದಷ್ಟೇ ಕೆಂಪು ಕಾಣಬೇಕು.

"ಕೆಂಪು ಕಂಡ್ರೆ ಕಾರು ತೆಗೀಬೇಡ, ಅಷ್ಟೇ" ಅಂದೆ.

"ಲೇ, ನನ್ ತಲೆಗಿಂತ ನಿನ್ ಬಣ್ಣಕ್ಕೇ ಬುದ್ಧಿ ಜಾಸ್ತಿಯೇನ್ಲಾ?" ಚಿಕ್ಕಪ್ಪ ನಕ್ಕ. ಆದರೂ ಒಪ್ಪಿದ.

ಅಜ್ಜಿ ಒಪ್ಪಲಿಲ್ಲ. "ರಕ್ತ ಬಳ್ದಂಗದೆ. ಬರಿದು ಗೂಡು ಮನೇಲಿರ್ಬಾರ್ದು ಕಣ್ಲಾ."

"ಯಾಕಜ್ಜಿ? ಆಧಾರ ಏನು?"

"ನಿನ್ ತಲೆ."

ಆಯುಧಪೂಜೆಯ ದಿನ ಸಾಮಾನುಗಳೆಲ್ಲ ತೊಳೆಸಿಕೊಂಡು, ಕುಂಕುಮ ಇಡಿಸಿಕೊಂಡು ಬೀರು ಸೇರಿದವು. ಮೇಲೆ ಚೆಂಡುಹೂವಿನ ಹಾರ. ಪೂಜೆಯಾದ ಮೇಲೆ ಮಾರನೇ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಚಿಕ್ಕಪ್ಪ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದ. ಹಣ್ಣು ಪಚಕ್ಕೆಂದಿತು. ಜೊತೆಗೆ ಇನ್ನೇನೋ ಕಟಕ್ ಅಂದಿತು.

"ಅದೇನು ಸದ್ದು?" ಅಂದೆ.

"ದೃಷ್ಟಿ ಕಳೀತು" ಅಂದಳು ಅಜ್ಜಿ.

ಮಾರನೇ ಬೆಳಿಗ್ಗೆ ಚಿಕ್ಕವ್ವ ಮಗು ಎತ್ತಿಕೊಂಡು ನಾಗಮಂಗಲದ ತವರಿಗೆ ಹೊರಟಳು. ಕೀಲಿ ಹಿಡಿದ ಚಿಕ್ಕಪ್ಪ ಒಂದು ಗಳಿಗೆ ಬೀರಿನ ಮುಂದೆ ನಿಂತು ನೋಡಿದ. ಎಲ್ಲೂ ಕೆಂಪಿರಲಿಲ್ಲ. ಕಾರು ಹೋಯಿತು.

ಬಾಡಿದ ಹಾರ ತೆಗೆಯಹೋದೆ. ಚಕ್ರದ ನಟ್ಟು ಬಿಗಿಯುವ ವೀಲ್ ಪಾನಾದ ಜಾಗದಲ್ಲಿ, ಕೆಂಪನ್ನು ಮುಚ್ಚಿಕೊಂಡು, ಕುಂಕುಮ ಹಚ್ಚಿದ ಕುಡುಗೋಲು ನೇತಾಡುತ್ತಿತ್ತು.

"ಅಜ್ಜಿ, ಇದ್ಯಾರಿಟ್ರು?"

"ನಾನೇ ಕಣ್ಲಾ. ಹಬ್ಬದ ದಿನ ಜಾಗ ಬರಿದಾಗಿತ್ತು. ಕುಡ್ಲೂ ಆಯುಧವೇ ಅಲ್ವಾ?"

ಪಾನಾ ಹುಲ್ಲಿನ ಕೆಳಗೆ ಸಿಕ್ಕಿತು. ಹಿಂದಿನ ಬೆಳಿಗ್ಗೆ ಚಿಕ್ಕಪ್ಪ ಬಿಚ್ಚಿದ್ದ ಮುಂದಿನ ಚಕ್ರವನ್ನು ಮತ್ತೆ ಕೂರಿಸಿ ನಟ್ಟು ಬಿಗಿಯುತ್ತಿದ್ದಾಗಲೇ ಅಜ್ಜಿ ಪೂಜೆಗೆ ಹೊತ್ತಾಯ್ತೆಂದು ಕೂಗಿದ್ದಳು. ಆ ಕಟಕ್ ಸದ್ದು ಮತ್ತೆ ಕಿವಿಗೆ ಬಂತು.

ಪಾನಾ ಹಿಡಿದು, ಪಕ್ಕದ ಮನೆಯ ಮೊಪೆಡ್ ಇಸಕೊಂಡು ಹೊರಟೆ. ದಾರಿಯುದ್ದಕ್ಕೂ ರಸ್ತೆಯನ್ನಲ್ಲ, ಪಕ್ಕದ ಹಳ್ಳಗಳನ್ನು ನೋಡುತ್ತಿದ್ದೆ. ಪಾಂಡವಪುರ ದಾಟಿದ ಮೇಲೆ ನಾಲೆಯ ಏರಿ. ನೀರು ತುಂಬಿ, ಸದ್ದಿಲ್ಲದೆ ಹರಿಯುತ್ತಿತ್ತು. ಒಂದು ತಿರುವಿನಲ್ಲಿ ಕಾರು ನೀರಿನ ಕಡೆ ಮೂತಿ ಮಾಡಿ ನಿಂತಿತ್ತು.

ಚಿಕ್ಕವ್ವ ಮಗುವನ್ನು ಎದೆಗವುಚಿ ರಸ್ತೆಯಾಚೆ ಕೂತಿದ್ದಳು. ಚಿಕ್ಕಪ್ಪ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಎರಡು ನಟ್ಟು ಇರಲೇ ಇಲ್ಲ. ಉಳಿದವು ಬೆರಳಿಗೇ ತಿರುಗುತ್ತಿದ್ದವು.

"ಬೀರು ನೋಡ್ದೆ ಕಣ್ಲಾ" ಅಂದ, ನನ್ನ ಮುಖ ನೋಡದೆ. "ಕೆಂಪು ಇರ್ನಿಲ್ಲ."

ಸಂಜೆ ಕಾರು ಕೊಟ್ಟಿಗೆ ಸೇರಿದ ಮೇಲೆ ಅಜ್ಜಿಯ ಜೊತೆ ವಾದಕ್ಕಿಳಿದೆ. "ನೀನು ಕುಡುಗೋಲು ಇಡದೇ ಇದ್ದಿದ್ರೆ ಜಾಗ ಕೆಂಪಗೆ ಕಾಣ್ತಿತ್ತು. ಬಿಗಿ ಮಾಡ್ಕೊಂಡೇ ಹೋಗ್ತಿದ್ದ."

"ಕುಡ್ಲು ಇಟ್ಟಿದ್ಕೇ ಏರಿ ಮ್ಯಾಲೆ ನಿಂತದೆ. ಇಲ್ದಿದ್ರೆ ನೀರೊಳಿಕ್ಕೇ ಓಯ್ತಿತ್ತು."

ನನ್ನ ಕಡೆಗೆ ಸಾಕ್ಷಿ ಹೇಳಲೆಂದು ಚಿಕ್ಕಪ್ಪನ ಕಡೆ ತಿರುಗಿದೆ. ಅವನು ಪಾನಾವನ್ನು ಕಾರಿನ ಸೀಟಿನಡಿ ತೂರಿಸಿ, ನಾನು ಕೆಳಗಿಟ್ಟಿದ್ದ ಕುಡುಗೋಲನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದ.

"ಇರ್ಲಿ ಬುಡ್ಲಾ."

ಅಂದಿನಿಂದ ಬೀರು ಯಾವಾಗ ನೋಡಿದರೂ ತುಂಬಿದಂತೆಯೇ ಕಾಣುತ್ತಿತ್ತು. ಚಿಕ್ಕವ್ವ ಮಾತ್ರ ಅತ್ತ ನೋಡುತ್ತಿರಲಿಲ್ಲ. ಕಾರು ಹತ್ತುವ ಮುಂಚೆ, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಗ್ಗಿ, ನಾಲ್ಕೂ ಚಕ್ರದ ಒಂದೊಂದು ನಟ್ಟನ್ನೂ ಬೆರಳಿಂದ ತಿರುಗಿಸಿ ನೋಡುತ್ತಿದ್ದಳು.